ಬಣ್ಣದ ಕೆಳಗಿನ ದೀಪ

ಶಕುನ, ಪೂರ್ವಜನ್ಮ ಎಂದರೆ ಬಾಯಿತುಂಬ ನಗುತ್ತಿದ್ದವನು ನಾನು. ಬೆಕ್ಕು ಅಡ್ಡ ಬಂದರೆ ಅದಕ್ಕೇ ನಮಸ್ಕಾರ ಹೇಳಿ ಮುಂದೆ ಹೋಗುತ್ತಿದ್ದೆ. ಈಗಲೂ ಅವನ್ನೆಲ್ಲ ನಂಬುತ್ತೇನೆ ಎನ್ನಲಾರೆ. ಆದರೆ ನಗು ಮಾತ್ರ ಕಡಿಮೆಯಾಗಿದೆ. ಅದಕ್ಕೆ ಕಾರಣ ಒಂದು ಕಾರು.

ಎಂಬತ್ತರ ದಶಕದ ಆರಂಭ. ಜಯನಗರ ನಾಲ್ಕನೇ ಬ್ಲಾಕಿನ ನಿವೃತ್ತ ಇಂಜಿನಿಯರೊಬ್ಬರ ಹಿತ್ತಲಲ್ಲಿ, ನುಗ್ಗೆಮರದ ಕೆಳಗೆ, ಹಳೆಯ ವಿಲಾಯತಿ ಕಾರೊಂದು ನಿಂತಿತ್ತು. ಗುಂಡು ಮೂತಿ, ದೊಡ್ಡ ಕಣ್ಣು. ಕಪ್ಪು ಬಣ್ಣ ಹಪ್ಪಳದಂತೆ ಎದ್ದುಬಂದಿತ್ತು. ನೋಡಿದ ದಿನವೇ ನಾನು ಮನಸೋತೆ. ನನ್ನ ಹೆಂಡತಿ ವಿಮಲ ಸೋಲಲಿಲ್ಲ. ಬಣ್ಣವೇ ಹೀಗಿದ್ದ ಮೇಲೆ ಒಳಗೆ ತಗಡು ಉಳಿದಿರುತ್ತದೆಯೇ ಎಂಬುದು ಅವಳ ವಾದ. ನಾವು ಕೊಳ್ಳದಿದ್ದರೆ ಸೋಮವಾರ ಅದು ಗುಜರಿಗೆ ಹೋಗುವುದಿತ್ತು. ಭಾನುವಾರ ಪೇಂಟರ್ ಬಂದು ಉಜ್ಜಿ ನೋಡಲಿ, ಆಮೇಲೆ ಕೊನೆಯ ಮಾತು ವಿಮಲಳದು ಎಂದು ರಾಜಿಯಾದೆವು.

ಅವಳದೊಂದು ಅಭ್ಯಾಸವನ್ನು ಇಲ್ಲಿ ಹೇಳಬೇಕು. ಪ್ರತಿ ಶುಕ್ರವಾರ ಹೊಸ್ತಿಲ ಮೇಲೆ ಕುಂಕುಮದಲ್ಲಿ ದೀಪ ಬರೆಯುತ್ತಾಳೆ. ಎರಡು ಕುಡಿ, ಎರಡೂ ಎಡಕ್ಕೇ ಬಾಗಿರುತ್ತವೆ. ಕೆಳಗೆ ಮೂರು ಚುಕ್ಕಿ, ನಡುವಿನದು ದಪ್ಪ. ಯಾರೂ ಕಲಿಸಿದ್ದಲ್ಲ, ಚಿಕ್ಕಂದಿನಲ್ಲಿ ತಾನೇ ಕಟ್ಟಿಕೊಂಡದ್ದು. ನಿನ್ನ ದೀಪಕ್ಕೆ ಯಾವಾಗಲೂ ಗಾಳಿಯೇ ಎಂದು ನಾನು ರೇಗಿಸುತ್ತಿದ್ದೆ.

ಭಾನುವಾರ ನಾವಿಬ್ಬರೂ ಆ ಹಿತ್ತಲಲ್ಲಿ ಕಾಯುತ್ತಿದ್ದಾಗ ಬನಶಂಕರಿಯಿಂದ ಪೇಂಟರ್ ಬಾಷಾ ಬಂದರು. ಬಾನೆಟ್ಟಿಗೆ ನೀರು ಹಾಕಿ ಎಮರಿ ಕಾಗದದಿಂದ ಉಜ್ಜತೊಡಗಿದರು. ಕಪ್ಪು ಹೋಗಿ ಬೂದು ಬಂತು, ಬೂದು ಹೋಗಿ ಕೆನೆ ಬಣ್ಣ ಬಂತು. ತಗಡು ಗಟ್ಟಿಯಾಗಿಯೇ ಇತ್ತು. ಕೆನೆಯ ಮೇಲೆ ಕೆಂಪು ಗೆರೆಗಳು ಕಂಡವು. ಬಾಷಾ ಕೈ ನಿಧಾನ ಮಾಡಿದರು. ಎರಡು ಕುಡಿ, ಎರಡೂ ಎಡಕ್ಕೆ. ಕೆಳಗೆ ಮೂರು ಚುಕ್ಕಿ, ನಡುವಿನದು ದಪ್ಪ.

"ಎಣ್ಣೇಲಿ ಕಲಸಿದ ಕುಂಕುಮ ಸಾರ್. ಪೂಜೆ ಗುರುತು ಅಳ್ಸೋಕೆ ಕಪ್ಪು ಹೊಡೆದ ಪೇಂಟರ್‌ಗೆ ಮನಸ್ಸು ಬಂದಿಲ್ಲ, ಮೇಲೇ ಬಣ್ಣ ಹೊಡೆದ್ಬಿಟ್ಟಿದಾನೆ," ಎಂದರು.

ಇಂಜಿನಿಯರನ್ನು ವಿಚಾರಿಸಿದೆ. ಅವರು ಕೊಂಡಾಗಲೇ ಕಾರು ಕಪ್ಪಗಿತ್ತಂತೆ. ಅದು ವಿಮಲ ಇನ್ನೂ ಹುಟ್ಟಿರದ ಕಾಲ. ನನ್ನ ಹಟ ಬಿಡಬೇಕಲ್ಲ, ಹಿಂದಿನ ಗಾಜಿನ ಧೂಳಿನಲ್ಲಿ ಅವಳ ಕೈಯಿಂದ ದೀಪ ಬರೆಸಿದೆ. ಅಳತೆಯೂ ಅದೇ. ಅವಳು ಎರಡನ್ನೂ ಬಹಳ ಹೊತ್ತು ನೋಡಿದಳು. ನಾನು ಹೆದರಿದ್ದೆ. ಅವಳು ನಕ್ಕಳು.

"ತಗೊಳ್ಳೋಣ ರೀ. ಪೂಜೆ ಆಗ್ಲೇ ಮಾಡ್ಬಿಟ್ಟಿದೀನಿ."

ಆ ಗುರುತನ್ನು ಬಾಷಾ ಕೂಡ ಅಳಿಸಲಿಲ್ಲ. ಅದರ ಮೇಲೆಯೇ ಹೊಸ ಕೆನೆ ಬಣ್ಣ ಹೊಡೆದುಕೊಟ್ಟರು. ಕಾಕತಾಳೀಯ ಎನ್ನುತ್ತಾರೆ ಗೆಳೆಯರು. ಇರಬಹುದು. ನನಗಂತೂ ಇಂದಿಗೂ ತಲೆಬುಡ ಗೊತ್ತಾಗಿಲ್ಲ. ಕೆಲವು ವರ್ಷ ಆ ಕಾರಿನಲ್ಲಿ ಖುಷಿಯಾಗಿ ಸುತ್ತಾಡಿ, ಜೆ.ಪಿ. ನಗರದ ಡಾಕ್ಟರೊಬ್ಬರಿಗೆ ಮಾರಿದೆವು. ಕೀಲಿ ಕೊಡುವಾಗ, ನಿಮ್ಮ ಮನೆಯವರು ಹೊಸ್ತಿಲ ಮೇಲೆ ಏನು ಬರೆಯುತ್ತಾರೆ ಎಂದು ಕೇಳಬೇಕೆನಿಸಿತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಕೇಳುವ ಧೈರ್ಯವಾಗಲಿಲ್ಲ.