ಕೆಂಜಿ ಬರೆಯದ ಸಾಲು

ಇಲ್ಲದ ಒಂದು ಸಾಲನ್ನು ಇದೆ ಎಂದು ನಾನು ಓದಿ ಹೇಳಿದೆ. ಅದರಿಂದ, ಯಾರನ್ನೂ ಕೊಲ್ಲದ ಹುಡುಗನೊಬ್ಬ ಕೊಲೆಗಾರನಾದ. ಹತ್ತು ವರ್ಷ ಇದನ್ನು ನುಂಗಿಕೊಂಡು ಕೂತಿದ್ದೇನೆ.

ತೊಂಬತ್ತರ ದಶಕದ ಕೊನೆಗೆ ನಾವು ಧಾರವಾಡದಿಂದ ಬಂದು ಕಿಂಗ್ಸ್‌ಬರಿಯಲ್ಲಿ ಮನೆ ಮಾಡಿದೆವು. ನಾನು ಜಪಾನಿ ಕಲಿತವಳು. ಒಂದು ಜಪಾನಿ ಕಂಪನಿಯ ಪತ್ರಗಳನ್ನು ಅನುವಾದಿಸುವುದು ನನ್ನ ಕೆಲಸ. ಪಕ್ಕದ ಮನೆಯ ಹೆರಾಲ್ಡ್‌ಗೆ ಆಗಲೇ ಎಂಬತ್ತರ ಹತ್ತಿರ. ಎರಡನೇ ಮಹಾಯುದ್ಧದಲ್ಲಿ ಅವರ ತಮ್ಮ ಟೆಡ್ ಇದ್ದ ಬ್ರಿಟಿಷ್ ಯುದ್ಧನೌಕೆಯನ್ನು ಜಪಾನಿ ನೌಕಾಪಡೆಯ ವಿಮಾನಗಳು ಮಲಯಾದ ಕಡಲಲ್ಲಿ ಮುಳುಗಿಸಿದ್ದವು. ಯುದ್ಧ ಮುಗಿದಾಗ ಅಲ್ಲಿನ ಒಂದು ವಿಮಾನ ನೆಲೆಯಲ್ಲಿ, ಸೈನಿಕರಾಗಿ ಹೋಗಿದ್ದ ಹೆರಾಲ್ಡ್‌ಗೆ ಒಂದು ನೋಟ್‌ಬುಕ್ ಸಿಕ್ಕಿತ್ತು. ಐವತ್ತು ವರ್ಷ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟಿದ್ದ ಅದನ್ನು ಒಂದು ಭಾನುವಾರ ನನ್ನ ಮುಂದಿಟ್ಟು, ಟೆಡ್‌ನ ಹಡಗಿನ ಬಗ್ಗೆ ಏನಾದರೂ ಇದೆಯೇ ಎಂದು ಕೇಳಿದರು.

ಇರಲಿಲ್ಲ. ಅದು ವಿಮಾನ ಹಾರಿಸಲು ಕಲಿಯುತ್ತಿದ್ದ ಕೆಂಜಿ ಎಂಬ ಹುಡುಗನದು. ಎಷ್ಟು ಸಲ ಹಾರಿದೆ, ಇಳಿಸುವಾಗ ಏನು ತಪ್ಪಿದೆ, ಶಿಕ್ಷಕರು ಯಾಕೆ ಹೊಡೆದರು — ಬರೀ ಇಷ್ಟೇ. ಮೊದಲ ಪುಟದಲ್ಲಿ ಜಪಾನಿ ಲೆಕ್ಕದ ವರ್ಷವಿತ್ತು. ಟೆಡ್‌ನ ಹಡಗು ಮುಳುಗಿ ಎರಡು ವರ್ಷವಾದ ಮೇಲೆ ಈ ಹುಡುಗ ಮೊದಲ ಸಲ ವಿಮಾನ ಹತ್ತಿದ್ದ.

ಹೇಳಬಹುದಿತ್ತು. ಆದರೆ ಹೆರಾಲ್ಡ್ ಕುರ್ಚಿ ಹತ್ತಿರ ಎಳೆದುಕೊಂಡು ಕಾಯುತ್ತಿದ್ದರು, ನಾನು — ನಮ್ಮ ಕಡೆ ಸಾವಿನ ಸುದ್ದಿ ತಂದವರು ಒಂದು ಮಾತು ಸೇರಿಸುತ್ತಾರೆ: "ತ್ರಾಸ ಆಗ್ಲಿಲ್ರೀ, ಬಾಯಾಗ ನೀರು ಹಾಕಿದ್ವಿ, ಕುಡದು ಹ್ವಾದ್ರು." ನಿಜವೋ ಸುಳ್ಳೋ ಯಾರೂ ಕೇಳುವುದಿಲ್ಲ. ನಾನೂ ಹಾಗೇ, ಕೆಂಜಿ ಬರೆದದ್ದೆಂದು ಸೇರಿಸಿ ಓದಿದೆ. "ನೀರಿಗೆ ಬಿದ್ದವರ ಮೇಲೆ ನಾವು ಗುಂಡು ಹಾರಿಸಲಿಲ್ಲ. ಒಬ್ಬ ಕೈ ಎತ್ತಿದ."

ಹೆರಾಲ್ಡ್ ಅತ್ತುಬಿಟ್ಟರು. ಕೈ ಎತ್ತಿದವನು ಟೆಡ್ಡೇ ಎಂದರು. ಶಾಲೆಯಲ್ಲಿ ಉತ್ತರ ಗೊತ್ತಿಲ್ಲದಿದ್ದರೂ ಕೈ ಎತ್ತುತ್ತಿದ್ದನಂತೆ.

ಮನೆಗೆ ಬಂದು ಗಂಡನಿಗೆ ಹೇಳಿದೆ. "ಅಲ್ಲ, ಆ ಹುಡುಗ ಏನ್ ಮಾಡಿದ್ದ ನಿಂಗ? ನಾಳೆ ಹೋಗಿ ಖರೇ ಹೇಳಿ ಬಾ" ಎಂದರು.

"ಮುದುಕರಿಗೆ ಸಮಾಧಾನ ಆತಲ್ಲ, ಬಿಡ್ರಿ" ಎಂದೆ. ಬರೀ ಕನಿಕರವಲ್ಲ ಅದು. ಅವರು ನನ್ನ ಕೈ ಹಿಡಿದು ಅತ್ತಿದ್ದು ನನಗೆ ಹಿತವಾಗಿತ್ತು. ದೊಡ್ಡ ಉಪಕಾರ ಮಾಡಿದವಳ ಹಾಗೆ ಬೀಗಿದ್ದೆ — ನಾಚಿಕೆಯಾಗುತ್ತದೆ.

ನವೆಂಬರಿನಲ್ಲಿ ಯುದ್ಧದಲ್ಲಿ ಸತ್ತವರ ಸ್ಮರಣೆಯ ದಿನ, ಹೆರಾಲ್ಡ್ ಚರ್ಚಿನಲ್ಲಿ ಆ ಸಾಲು ಓದಿದರು. ಚರ್ಚಿನ ಪತ್ರಿಕೆಯಲ್ಲಿ ಅಚ್ಚೂ ಆಯಿತು, ಹಡಗು ಮುಳುಗಿಸಿದವನೆಂದು ಕೆಂಜಿಯ ಪೂರ್ತಿ ಹೆಸರಿನೊಂದಿಗೆ. ಆಮೇಲೆ ನೋಟ್‌ಬುಕ್ಕಿನಲ್ಲಿದ್ದ ಊರಿಗೆ, ಕೆಂಜಿಯ ಮನೆಯವರಿಗೆಂದು ನನ್ನಿಂದಲೇ ಪತ್ರ ಬರೆಸಿದರು. ನೋಟ್‌ಬುಕ್ ಇಲ್ಲಿದೆ ಎಂದಷ್ಟೇ ನಾನು ಬರೆದೆ.

ಎರಡು ವರ್ಷದ ಮೇಲೆ ಕೆಂಜಿಯ ತಂಗಿ ಫುಮಿ ಬಂದರು. ಹೆರಾಲ್ಡ್ ಮನೆಯ ಮೇಜಿನ ಮುಂದೆ ಕೂತು ಅಣ್ಣನ ಕೊನೆಯ ಪುಟ ಓದಿದರು. "ಇದಾದ ವಾರಕ್ಕೆ ತರಬೇತಿಯಲ್ಲೇ ಬಿದ್ದು ಸತ್ತ" ಎಂದು ಜಪಾನಿಯಲ್ಲಿ ನನಗೆ ಹೇಳಿದರು. "ಅವನ ಕೈಯಿಂದ ಯಾರೂ ಸಾಯಲಿಲ್ಲ. ನಮ್ಮಮ್ಮ ಸಾಯುವ ತನಕ ಅದೊಂದನ್ನೇ ಹೇಳಿಕೊಂಡು ಇದ್ದಳು."

ಏನೆಂದರು ಎಂದು ಹೆರಾಲ್ಡ್ ಕೇಳಿದರು.

ಥ್ಯಾಂಕ್ಸ್ ಹೇಳುತ್ತಿದ್ದಾರೆ ಎಂದೆ.

ಹೆರಾಲ್ಡ್ ಆಕೆಯ ಎರಡೂ ಕೈ ಹಿಡಿದು, ನಿಮ್ಮ ಅಣ್ಣನನ್ನು ಕ್ಷಮಿಸಿದ್ದೇನೆ ಎಂದರು. ಫುಮಿ ನನ್ನ ಮುಖ ನೋಡಿದರು. ನೀವು ಬಂದದ್ದು ಸಂತೋಷ ಎನ್ನುತ್ತಿದ್ದಾರೆ ಎಂದು ತಿರುಗಿಸಿ ಹೇಳಿದೆ. ಆಕೆ ನಡು ಬಗ್ಗಿಸಿ ವಂದಿಸಿದರು. ಅಣ್ಣ ಮಾಡದ ತಪ್ಪಿಗೆ ಸಿಕ್ಕ ಕ್ಷಮೆಗೆ — ನಾನು ಪಕ್ಕದಲ್ಲೇ ನಿಂತಿದ್ದೆ.

ಹೆರಾಲ್ಡ್ ತೀರಿಹೋಗಿ ಮೂರು ವರ್ಷವಾಯಿತು. ಅವರಿಗೆ ಹೇಳುವ ಧೈರ್ಯ ನನಗೆ ಬರಲೇ ಇಲ್ಲ. ಎಜ್‌ವೇರ್‌ನಲ್ಲಿ ಅವರ ಮಗಳ ಮನೆಯ ಗೋಡೆಯ ಮೇಲೆ ಆ ಪತ್ರಿಕೆಯ ಪುಟ ಇನ್ನೂ ಇದೆ. ನಿನ್ನೆ ಆಕೆಗೊಂದು, ಫುಮಿಗೊಂದು ಪತ್ರ ಬರೆದೆ. ಮಾಡಿದ್ದೆಲ್ಲ ಬರೆದೆ. ಕ್ಷಮಿಸಿ ಎಂದು ಕೇಳಲಿಲ್ಲ. ಆ ಮಾತನ್ನು ಒಮ್ಮೆ ಕೆಡಿಸಿದವಳು ನಾನು.

ಹೆರಾಲ್ಡ್ ಮಗಳ ಲಕೋಟೆಯಲ್ಲಿ, ಅಂದು ನಕಲು ಮಾಡಿಟ್ಟುಕೊಂಡಿದ್ದ ಕೆಂಜಿಯ ಕೊನೆಯ ಪುಟವನ್ನೂ ಅನುವಾದಿಸಿ ಇಟ್ಟಿದ್ದೇನೆ. ಒಂದಕ್ಷರವನ್ನೂ ಸೇರಿಸಿಲ್ಲ:

"ಇಂದು ಮೊದಲ ಸಲ ಒಬ್ಬನೇ ಹಾರಿದೆ. ಇಳಿಸುವಾಗ ಚಕ್ರ ಎರಡು ಸಲ ಪುಟಿಯಿತು. ಶಿಕ್ಷಕರು ಹೊಡೆಯಲಿಲ್ಲ."