ಹಸಿರು ತೆಗೆದವರು ಯಾರು

ವೆಬ್‌ಸೈಟ್ ಕಟ್ಟುವ ನಾವು ಯಾವ ಪುಟದಲ್ಲೂ ಬಣ್ಣವನ್ನು ನೇರವಾಗಿ ಬರೆಯುವುದಿಲ್ಲ. ಎಲ್ಲ ಪುಟಗಳೂ ಹಂಚಿಕೊಳ್ಳುವ ಒಂದೇ ಕಡತದಲ್ಲಿ 'ಒಪ್ಪಿಗೆ' ಎಂಬ ಹೆಸರಿಗೆ ಹಸಿರು, 'ಎಚ್ಚರಿಕೆ'ಗೆ ಕಿತ್ತಳೆ ಎಂದು ನಿಗದಿ ಮಾಡಿರುತ್ತೇವೆ. ಇವು ಡಿಸೈನ್ ಟೋಕನ್‌ಗಳು. ಅಲ್ಲಿ ಒಂದು ಸಾಲು ತಿದ್ದಿದರೆ ನಾವು ಕಟ್ಟಿದ ಪ್ರತಿ ಪರದೆಯೂ ಬದಲಾಗುತ್ತದೆ. ವಿಶ್ವವಿದ್ಯಾಲಯದಲ್ಲಿ ಇದನ್ನು ಕಲಿತಾಗ ಸಂಭ್ರಮಪಟ್ಟಿದ್ದೆ. ಈಗ ಆ ಒಂದು ಸಾಲಿಗೆ ಹೆದರುತ್ತೇನೆ.

ಹುಮನಾಬಾದಿನ ಡಯಾಲಿಸಿಸ್ ಕೇಂದ್ರವೊಂದಕ್ಕೆ ರೋಗಿಗಳ ಪಾಳಿ ತೋರಿಸುವ ಪುಟ ಮಾಡಿಕೊಟ್ಟಿದ್ದೆವು. ಹಸಿರು ಪಟ್ಟಿ ಕಂಡರೆ ಬನ್ನಿ. ಕಿತ್ತಳೆ ಕಂಡರೆ ಯಂತ್ರ ಕೆಟ್ಟಿದೆ, ಬರಬೇಡಿ. ಒಂದು ಮಧ್ಯಾಹ್ನ ಕೇಂದ್ರದ ಮಾಲೀಕರು ಬಸವಕಲ್ಯಾಣದ ನಮ್ಮ ಕಚೇರಿಗೆ ಬಂದರು.

"ಈ ಹಸರು ತೆಗೆದು ಕೇಸರಿ ಹಾಕ್ರಿ. ದವಾಖಾನಿ ಅದ, ದರ್ಗಾ ಅಲ್ಲ," ಎಂದು ನಕ್ಕರು. ನನ್ನ ಮೇಲಧಿಕಾರಿಯೂ ನಕ್ಕರು.

ಕೇಸರಿ ಹಾಕಿದರೆ ಕಿತ್ತಳೆಗೂ ಅದಕ್ಕೂ ವ್ಯತ್ಯಾಸ ತಿಳಿಯದೆ ಎರಡೂ ಪಟ್ಟಿಗಳು ಒಂದೇ ಥರ ಕಾಣುತ್ತವೆ ಎಂದೆ.

"ಅಕ್ಷರ ಅದಾವಲ್ಲ ಮೇಡಂ, ಓದ್ಕೋತಾರ ಬಿಡ್ರಿ. ಒಂದ್ ಸಾಲು ತಿದ್ದಿದ್ರ ಖತಂ," ಎಂದ ಮೇಲಧಿಕಾರಿ ಆ ಕಡತದಲ್ಲೇ 'ಒಪ್ಪಿಗೆ'ಯನ್ನು ಕೇಸರಿ ಮಾಡಿದರು. ಹೆಸರು ಹಾಗೆಯೇ ಉಳಿಯಿತು, ಅರ್ಥ ಸತ್ತುಹೋಯಿತು.

ರೋಗಿಗಳು ಪಾಳಿಗೆ ಬರುತ್ತಿಲ್ಲವೆಂದು ಅದೇ ವಾರ ಕೇಂದ್ರದಿಂದ ದೂರು ಬಂತು. ನಾನು ಹುಮನಾಬಾದಿಗೆ ಹೋದೆ. ಹತ್ತಿರದ ಹುಡಗಿ ಎಂಬ ಹಳ್ಳಿಯ ಕೂಲಿ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಿದ್ದಳು. ಪಾಳಿ ತಪ್ಪಿ, ಮುಖ ಊದಿ, ಉಸಿರು ಸಿಗದೆ ಒದ್ದಾಡುತ್ತಿದ್ದ ಅವಳ ತಾಯಿಯನ್ನು ಆಗಷ್ಟೇ ಒಳಗೆ ಯಂತ್ರಕ್ಕೆ ಹಾಕಿದ್ದರು.

"ಬಾ ಅಂದ್ರ ಹಸರು ಬರ್ತಿತ್ರಿ ಅಕ್ಕಾ," ಎಂದು ಮೊಬೈಲ್ ತೋರಿಸಿದಳು. "ನನಗ ಓದಾಕ ಬರಂಗಿಲ್ಲ. ಹಸರು ಬರ್ತದಂತ ಕಾಯ್ಕೋತ ಕುಂತೆ. ಬರಲೇ ಇಲ್ಲ."

"ಸಿಸ್ಟಮ್ ಪ್ರಾಬ್ಲಂ ಆಗ್ಯದವ್ವಾ," ಎಂದು ಮಾಲೀಕರು ಅವಳಿಗೆ ತಣ್ಣಗೆ ಹೇಳಿದರು.

ಸಿಸ್ಟಮ್‌ಗೆ ಹಸಿರಿನ ಮೇಲೆ ಹಗೆಯಿರಲಿಲ್ಲ. ಹಗೆ ಈ ಮಾಲೀಕರದು, ಅದಕ್ಕೆ ಕೈಜೋಡಿಸಿದ ಸೋಮಾರಿತನ ನಮ್ಮ ಕಚೇರಿಯದು. ಅಲ್ಲಿಯ ಬೆಂಚಿನ ಮೇಲೆಯೇ ಲ್ಯಾಪ್‌ಟಾಪ್ ತೆರೆದು ಹಸಿರನ್ನು ಮರಳಿ ಹಾಕಿದೆ. ಕಡತದ ಪ್ರತಿ ಬದಲಾವಣೆಯ ಜೊತೆ ಉಳಿಯುವ, ಕಚೇರಿಯವರೆಲ್ಲ ಓದಬಹುದಾದ ಟಿಪ್ಪಣಿಯಲ್ಲಿ, ಅದನ್ನು ಯಾರು ತೆಗೆಸಿದರು, ಯಾರು ತೆಗೆದರು, ಯಾವ ಕಾರಣ ಕೊಟ್ಟರು, ಅದರಿಂದ ಯಾರ ಉಸಿರು ಕಟ್ಟಿತು ಎಂಬುದನ್ನೆಲ್ಲ ಬರೆದೆ.

ಮೇಲಧಿಕಾರಿಯ ಫೋನ್ ಬಂತು. "ಏನ್ ಮಾಡಾಕತ್ತೀರಿ ಮೇಡಂ? ಅದನ್ನ ಅಳಿಸ್ರಿ ಮೊದಲ."

"ಮೊದಲು ನೀವು ಆ ಮಗಳಿಗೆ ಫೋನ್ ಮಾಡಿ, 'ಬಣ್ಣ ಬದಲಿಸಿದ್ದು ನಾನೇ' ಎಂದು ಹೇಳಿ. ಆಮೇಲೆ ಅಳಿಸುತ್ತೇನೆ," ಎಂದೆ. ಅವರು ಕರೆ ಕತ್ತರಿಸಿದರು.

ತಾಯಿ ಬದುಕಿಕೊಂಡಳು. ಮಗಳಿಗೆ ಇಂದಿನವರೆಗೂ ಯಾರೂ ಫೋನ್ ಮಾಡಿಲ್ಲ. ಟಿಪ್ಪಣಿಯನ್ನು ನಾನು ಅಳಿಸಿಲ್ಲ.