ಸರ್ವರ್ ರೂಮಿನ ಬಾಣಂತಿ

ಕನಕಪುರದಿಂದ ಕೋಡಿಹಳ್ಳಿಗೆ ಹೋಗುವ ರಸ್ತೆಯಲ್ಲಿ ಒಂದು ಪಶು ಆಹಾರದ ಕಾರ್ಖಾನೆ. ಕೆಲವು ವರ್ಷ ನಾನು ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಜೋಳ, ಹಿಂಡಿ, ತೌಡು ಬಂದಿಳಿಯುವುದರಿಂದ ಹಿಡಿದು ಚೀಲ ತುಂಬಿದ ಲಾರಿ ಗೇಟು ದಾಟುವವರೆಗೆ ಎಲ್ಲ ವ್ಯವಹಾರವೂ ಒಂದೇ ಸಾಫ್ಟ್‌ವೇರಿನಲ್ಲಿ ನಡೆಯುತ್ತಿತ್ತು. ಅದನ್ನು ಮಾರಿದ ಕಂಪನಿಯವರು, ನಿಮ್ಮ ಮಾಹಿತಿಯನ್ನೆಲ್ಲ ನಮ್ಮ ಕಡೆಯೇ ಇಟ್ಟುಕೊಂಡು ನೋಡಿಕೊಳ್ಳುತ್ತೇವೆ ಎಂದು ಎಷ್ಟು ಹೇಳಿದರೂ ಯಜಮಾನರು ಒಪ್ಪಿರಲಿಲ್ಲ.

"ನಮ್ ಲೆಕ್ಕ ನಮ್ ಕಾಂಪೌಂಡ್ ಒಳಗೇ ಇರ್ಬೇಕು ಕಣ್ರೀ. ಕಾಣದ ಊರಲ್ಲಿ ಮಡಗ್ಬುಟ್ಟು ನಾನಿಲ್ಲಿ ನಿದ್ದೆ ಮಾಡಕಾಯ್ತದಾ?"

ಹೀಗೆ ಲೆಕ್ಕವನ್ನೆಲ್ಲ ಹಿಡಿದಿಡುವ ಸರ್ವರ್ ಎಂಬ ಮಿಷಿನ್ ಬಂದು ಕೂತು, ಗೋದಾಮಿನ ಪಕ್ಕದ ಸಣ್ಣ ಕೋಣೆ ಸರ್ವರ್ ರೂಮಾಯಿತು. ಇಡೀ ಕಾರ್ಖಾನೆಯಲ್ಲಿ ಎಸಿ ಇದ್ದದ್ದು ಅಲ್ಲಿ ಮಾತ್ರ. ಯಜಮಾನರಿಗೂ ಫ್ಯಾನೇ ಗತಿ.

ಒಂದು ಬೆಳಿಗ್ಗೆ ಸರ್ವರಿನ ಹಿಂಬದಿಯಿಂದ ಕೀಚು ಕೀಚು ಸದ್ದು ಬಂತು. ಸಾಫ್ಟ್‌ವೇರ್ ಕಂಪನಿಯ ಇಂಜಿನಿಯರಿಗೆ ಫೋನು ಮಾಡಿ ಸದ್ದನ್ನು ಕೇಳಿಸಿದೆ. ಆತ ಗಂಭೀರವಾಗಿ ಆಲಿಸಿ, "ಒಳಗಿನ ಫ್ಯಾನ್ ಹೋಗಿದೆ ಮೇಡಂ, ಹೊಸದು ತರ್ತೀನಿ" ಅಂದ. ಫೋನಿಟ್ಟು ಟಾರ್ಚು ಬಿಟ್ಟು ನೋಡಿದರೆ, ಇಲಿ ಹಿಡಿಯಲೆಂದು ಗೋದಾಮಿನಲ್ಲಿ ಸಾಕಿದ್ದ ಬೆಕ್ಕು ವೈರುಗಳ ನಡುವೆ ಮರಿ ಹಾಕಿಕೊಂಡು ಮಲಗಿತ್ತು.

ಸುದ್ದಿ ತಿಳಿದು ಯಜಮಾನರ ಹೆಂಡತಿ ಓಡಿ ಬಂದರು. ಕಾಂಪೌಂಡಿನಲ್ಲೇ ಅವರ ಮನೆ. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದೆವು. ಹಳೇ ಸೀರೆ ತಂದು ಹಾಸಿದರು, ಹಾಲಿಟ್ಟರು, ತಲೆಯೆತ್ತಿ ಎಸಿಯನ್ನು ಒಂದು ಥರ ನೋಡಿದರು. ನಾನು ನನ್ನ ಕೆಲಸಕ್ಕೆ ಹೋದೆ.

ಮಧ್ಯಾಹ್ನದ ಹೊತ್ತಿಗೆ ಸಾಫ್ಟ್‌ವೇರ್ ನಿಂತೇಹೋಯಿತು. ಬಿಲ್ಲಿಲ್ಲದೆ ಲಾರಿ ಬಿಡುವಂತಿಲ್ಲ. ಗೇಟಿನಲ್ಲಿ ಲಾರಿಗಳು ಸಾಲುಗಟ್ಟಿದವು, ಡ್ರೈವರುಗಳು ಹಾರನ್ ಹೊಡೆಯತೊಡಗಿದರು. ಸರ್ವರ್ ರೂಮಿನ ಬಾಗಿಲು ತೆಗೆದವಳೇ ದಂಗಾದೆ. ಎಸಿ ಆರಿತ್ತು. ಕಿಟಕಿ ಮುಚ್ಚಿತ್ತು. ಮೂಲೆಯಲ್ಲಿ ಮಣ್ಣಿನ ಬಟ್ಟಲ ತುಂಬ ಕೆಂಡ, ಅದರಿಂದ ದಟ್ಟವಾದ ಸಾಂಬ್ರಾಣಿ ಹೊಗೆ. ಕಾವು ತಾಳಲಾರದೆ ಸರ್ವರ್ ತಾನಾಗಿಯೇ ಬಂದ್ ಆಗಿತ್ತು.

"ಅಕ್ಕಾ, ಎಸಿ ಯಾರು ಆರಿಸಿದ್ದು?"

"ನಾನೇ ಕಣವ್ವ. ಹಸಿ ಬಾಣಂತಿಗೆ ಆಪಾಟಿ ತಣ್ಣನೆ ಗಾಳಿ ಬುಡ್ತಾರಾ? ಒಸಿ ಸಾಂಬ್ರಾಣಿನೂ ಹಾಕಿವ್ನಿ."

ಅಷ್ಟರಲ್ಲಿ ಯಜಮಾನರು ಏದುಸಿರು ಬಿಡುತ್ತ ಬಂದರು. "ಲಾರಿಗಳೆಲ್ಲ ಗೇಟಲ್ಲೇ ನಿಂತವೆ ಕಣೇ! ಮೊದ್ಲು ಆ ಬೆಕ್ಕನ್ನ ಎತ್ತಿ ಆಚೆ ಮಡಗು."

"ನಾನೂ ಮೂರು ಹೆತ್ತಿದೀನಿ. ಆಗ ನನ್ನೂ ಹಿಂಗೇ ಎತ್ತಿ ಆಚೆ ಮಡಗುದ್ರಾ?"

ಗಂಡ ಹೆಂಡತಿ ಇಬ್ಬರೂ ನನ್ನ ಮುಖ ನೋಡತೊಡಗಿದರು. ಇಂಥ ಪ್ರಶ್ನೆಗೆ ಯಾವ ಟ್ರೈನಿಂಗಿನಲ್ಲೂ ಯಾರೂ ನನ್ನನ್ನು ತಯಾರು ಮಾಡಿರಲಿಲ್ಲ.

ಕೆಂಡದ ಬಟ್ಟಲನ್ನು ಹೊರಗಿಟ್ಟು, ಹೊಗೆ ಹೋಗಲು ಬಿಟ್ಟು, ಅಕ್ಕ ಗೊಣಗುತ್ತಿದ್ದರೂ ಎಸಿ ಹಾಕಿದೆ. ಕೋಣೆ ತಣ್ಣಗಾದ ಮೇಲೆ ಸರ್ವರ್ ಶುರುಮಾಡಿದೆ. ಆಮೇಲೆ ಅಕ್ಕನ ಕೈ ಹಿಡಿದು ಅದರ ಹಿಂಬದಿಗೆ, ಬೆಕ್ಕಿನ ತಲೆಯ ಮೇಲಕ್ಕೆ ಒಯ್ದೆ.

"ಅಯ್ಯೋ, ಬಚ್ಚಲ ಒಲೆ ಮುಂದೆ ಕುಂತಂಗೈತಲ್ಲವ್ವ!"

"ಹೂಂ ಅಕ್ಕ. ಮುಂದಿನಿಂದ ತಣ್ಣನೆ ಗಾಳಿ ಎಳ್ಕೊಂಡು ಹಿಂದಕ್ಕೆ ಬಿಸಿ ಬಿಡುತ್ತೆ. ಎಸಿ ನಿಂತ್ರೆ ಮಿಷಿನ್ ನಿಲ್ಲುತ್ತೆ. ಮಿಷಿನ್ ನಿಂತ್ರೆ ಮರಿಗಳಿಗೆ ಬೆಚ್ಚಗಿರಲ್ಲ."

ಅಕ್ಕ ಬಗ್ಗಿ ಮರಿಗಳ ಕೆಳಗಿನ ಸೀರೆ ಸರಿಮಾಡಿದರು. ಆಮೇಲೆ ಕೋಣೆಯ ಬೀಗದ ಕೈಯನ್ನು ಗಂಡನಿಂದ ಈಸಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಅಲ್ಲಿಂದ ಮುಂದೆ ನನಗೆ ಸಿಕ್ಕ ನೆಮ್ಮದಿಯನ್ನು ಹೇಳಿ ಮುಗಿಸಲಾಗದು. ಮೊದಲೆಲ್ಲ ಕರೆಂಟು ಹೋದರೆ ಜನರೇಟರ್ ಹಾಕಿಸಲು ನಾನು ಅಂಗಲಾಚಬೇಕಿತ್ತು. ಈಗ ದೀಪ ಮಿಣುಕಿದರೆ ಸಾಕು, "ಜನರೇಟರ್ ಹಾಕ್ರೋ, ಮರಿಗಳಿಗೆ ಚಳಿಯಾಯ್ತದೆ!" ಎಂಬ ಕೂಗು ಗೇಟಿನವರೆಗೂ ಕೇಳುತ್ತಿತ್ತು. ಭಾನುವಾರ ಸರ್ವರ್ ಆರಿಸಿ ಕರೆಂಟು ಉಳಿಸುವ ಯಜಮಾನರ ಅಭ್ಯಾಸವೂ ನಿಂತಿತು. ಫ್ಯಾನು ಹಿಡಿದು ಬಂದ ಇಂಜಿನಿಯರನ್ನು ಅಕ್ಕ ಬಾಗಿಲಲ್ಲೇ ತಡೆದು, ಕೈಕಾಲು ತೊಳೆಸಿಯೇ ಒಳಗೆ ಬಿಟ್ಟದ್ದು. ಬೆಕ್ಕನ್ನು ಕಂಡು ಆತ ಫ್ಯಾನನ್ನು ಮೆಲ್ಲಗೆ ಬ್ಯಾಗಿಗೆ ವಾಪಸು ಸೇರಿಸಿದ. ಸರ್ವರ್ ಗಾಳಿ ಎಳೆಯುವ ಬಾಯಿಗೆ ಅಂಟಿದ ಬೆಕ್ಕಿನ ಕೂದಲನ್ನು ಆಗಾಗ ಬ್ರಷ್ಷಿನಿಂದ ತೆಗೆಯುವುದಷ್ಟೇ ನನಗೆ ಹೆಚ್ಚಾದ ಕೆಲಸ.

ಮರಿಗಳು ಓಡಾಡಿ ವೈರು ಎಳೆಯಲು ಶುರುಮಾಡಿದಾಗ, ಬಾಣಂತನ ಮುಗಿಯಿತೆಂದು ಅಕ್ಕನೇ ಅವನ್ನು ಮನೆಯ ಜಗಲಿಗೆ ಸಾಗಿಸಿದರು. ಒಂದನ್ನು ನನಗೆ ಕೊಟ್ಟರು. ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ಮನೆಗೆ ಹೋಗಲು ರಾಮನಗರದ ಬಸ್ಸು ಹತ್ತಿದೆ. ಮ್ಯಾವ್ ಅಂದದ್ದೇ ಕಂಡಕ್ಟರ್ ತಿರುಗಿ ನೋಡಿದ.

"ಏನ್ ಮೇಡಂ, ಬ್ಯಾಗ್ ಮಾತಾಡ್ತೈತೆ?"

ಜಿಪ್ಪು ಸರಿಸಿ ತೋರಿಸಿದೆ. "ಟಿಕೆಟ್ ಬ್ಯಾಡ, ಆದ್ರೆ ತೊಡೆ ಮ್ಯಾಲೇ ಇರ್ಲಿ, ಸೀಟ್ ಕೊಡಕಾಗಕಿಲ್ಲ" ಎಂದು ನಕ್ಕು ಮುಂದೆ ಹೋದ. ರಾಮನಗರ ಬರುವಷ್ಟರಲ್ಲಿ, ಮರಿಗೆ ಕೊಡುವ ಹಾಲಿಗೆ ನೀರು ಬೆರೆಸಬೇಕೋ ಬೇಡವೋ ಎಂದು ಮುಂದಿನ ಸೀಟಿನ ಇಬ್ಬರು ಹೆಂಗಸರಿಗೆ ಜಗಳವೇ ಹತ್ತಿಕೊಂಡಿತ್ತು.